ರೇಣುಕಾಳ ಬಲಗೈ

ದ್ರಾಕ್ಷಾಯಿಣಿಯ ಹೆರಿಗೆ ಸುಲಭದ್ದಾಗಲಿಲ್ಲ. ಕೂಸು ದಪ್ಪ ಬೆಳೆದಿತ್ತು. ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಂಡು, ಒಳಗಿದ್ದವರು ಅವಸರದಲ್ಲಿ ಎಳೆದು ತೆಗೆಯಬೇಕಾಯಿತು. ಕೊಪ್ಪಳದ ಆಸ್ಪತ್ರೆಯ ಬಾಗಿಲಲ್ಲಿ ಬೆಳಗಿನಿಂದ ನಿಂತಿದ್ದ ಶಿವಲಿಂಗಮ್ಮನ ಹತ್ತಿರ ಡಾಕ್ಟರಮ್ಮ ತಾನೇ ಬಂದು ಹೇಳಿದಳು.

"ಎಳೀಲಿಲ್ಲಂದ್ರ ಕೂಸು ಉಳೀತಿರಲಿಲ್ಲಮ್ಮ. ಈಗ ತಾಯಿ, ಮಗಳು ಇಬ್ರೂ ಆರಾಮ ಅದಾರ. ಆದ್ರ ಕೂಸು ಬಲಗೈ ಆಡಸವಲ್ದು. ಕುತ್ತಿಗಿ ಕಡೆ ನರಕ್ಕ ಪೆಟ್ಟು ಬಿದ್ದೈತಿ. ಮುಂದ ನೋಡೋಣು."

ಶಿವಲಿಂಗಮ್ಮ ಕೇಳಿಸಿಕೊಂಡದ್ದು ಇಬ್ಬರೂ ಆರಾಮ ಇದ್ದಾರೆ ಎಂಬುದನ್ನಷ್ಟೇ. ಸೆರಗಿನಿಂದ ಮುಖ ಒರೆಸಿಕೊಂಡು, ಗೇಟಿನ ಹೊರಗಿನ ಅಂಗಡಿಯಿಂದ ಚಹಾ ತಂದು ಗಂಡ ಬಾಲಪ್ಪನಿಗೂ ಮಗ ಮಾಂತೇಶನಿಗೂ ಕುಡಿಸಿದಳು. ಕೈಯ ಮಾತು ಅವಳಿಗೆ ನೆನಪಾದದ್ದು ಮನೆಗೆ ಬಂದು ಕೂಸಿಗೆ ಎಣ್ಣೆ ಹಚ್ಚಿ ಎರೆಯಲು ಕೂತಾಗ. ಎಡಗೈ ಮುಷ್ಟಿ ಕಟ್ಟಿ ಗಾಳಿಯನ್ನು ಗುದ್ದುತ್ತಿತ್ತು. ಬಲಗೈ ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು. ಎತ್ತಿ ಬಿಟ್ಟಳು. ಎತ್ತಿದ ಕೈ ಹಾಗೆಯೇ ಕೆಳಗೆ ಬಿತ್ತು.

ಅವರದು ಇರಕಲ್ಲಗಡ. ಬಾಲಪ್ಪನದು ಕುರಿಯ ಕೆಲಸ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಗುಡ್ಡದ ಕಡೆ ಹೊಡೆದುಕೊಂಡು ಹೋದರೆ ತಿರುಗಿ ಬರುವುದು ಹೊತ್ತು ಮುಳುಗುವಾಗಲೇ. ಮಾಂತೇಶ ಸರಕು ಸಾಗಿಸುವ ಸಣ್ಣ ಗಾಡಿ ಓಡಿಸುತ್ತಿದ್ದ. ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ತುಂಬಿಕೊಂಡು ಹೊಸಪೇಟೆಗೋ ಹುಬ್ಬಳ್ಳಿಗೋ ಹೊರಟರೆ ಅವನು ಮನೆಯಲ್ಲಿ ಉಣ್ಣುವುದೇ ಅಪರೂಪ. ಸೊಸೆ ದ್ರಾಕ್ಷಾಯಿಣಿ ಹನುಮಸಾಗರದವಳು. ಪಿಯುಸಿ ಮುಗಿಸಿ ಕಂಪ್ಯೂಟರ್ ಕಲಿತಿದ್ದಳು. ಊರಿನ ನಾಡಕಚೇರಿಯಲ್ಲಿ ಜಾತಿ, ಆದಾಯದ ಪ್ರಮಾಣಪತ್ರಗಳನ್ನು ಟೈಪು ಮಾಡುವ ಗುತ್ತಿಗೆಯ ಕೆಲಸ ಅವಳಿಗಿತ್ತು. ಸಾಲಿಗೆ ಹೋಗುವ ವಯಸ್ಸಿನಲ್ಲೇ ತಾಯಿಯನ್ನು ಕಳಕೊಂಡವಳು. ತವರಿನಲ್ಲಿ ತಂದೆ ವಿರುಪಣ್ಣ ಒಬ್ಬನೇ. ಚೊಚ್ಚಲ ಹೆರಿಗೆಯಾದರೂ ಬಾಣಂತನವನ್ನು ಶಿವಲಿಂಗಮ್ಮನೇ ಮಾಡಬೇಕಾಯಿತು.

ಮಾಡಿದ್ದೂ ಓಣಿಯವರೆಲ್ಲ ಮಾತಾಡಿಕೊಳ್ಳುವಂಥ ಬಾಣಂತನ. ದಿನಾ ಹಂಡೆ ತುಂಬ ನೀರು ಕಾಸಿ ಸೊಸೆಯ ಸೊಂಟಕ್ಕೆ ಬಿಸಿ ತಾಗುವಂತೆ ಸುರಿಯುವಳು. ಲೋಬಾನದ ಹೊಗೆ ಹಾಕಿ ಕೂದಲು ಆರಿಸುವಳು. ಅಳವಿ ಪಾಯಸ, ಬೆಳ್ಳುಳ್ಳಿ ಖಾರ, ಬಿಸಿ ರೊಟ್ಟಿಯ ಮೇಲೆ ತುಪ್ಪ. ಕಿವಿಗೆ ಅರಳೆ ಇಟ್ಟುಕೊಳ್ಳದೆ ಹೊರಗೆ ಇಣುಕಿದರೆ ಬೈಗುಳ. ಒಂದು ದಿನ ನೆತ್ತಿಗೆ ಎಣ್ಣೆ ತಟ್ಟಿಸಿಕೊಳ್ಳುತ್ತಿದ್ದ ದ್ರಾಕ್ಷಾಯಿಣಿ ಇದ್ದಕ್ಕಿದ್ದಂತೆ ಅಳತೊಡಗಿದಳು.

"ಯಾಕ ಬೇ, ಬಿಸಿ ಆತೇನು?"

"ಇಲ್ಲ. ನಮ್ಮವ್ವ ಇದ್ದಿದ್ರೂ ಇಷ್ಟು ಮಾಡ್ತಿದ್ಲೋ ಇಲ್ಲೋ."

"ಹುಚ್ಚಿ. ಅಳಬ್ಯಾಡ, ಹಾಲು ಬತ್ತತಾವ," ಎಂದಳು ಶಿವಲಿಂಗಮ್ಮ. ಅಂದಿನಿಂದ ದ್ರಾಕ್ಷಾಯಿಣಿಯ ಬಾಯಲ್ಲಿ ಅತ್ತೆ 'ಯವ್ವ' ಆದಳು. 'ನೀವು' ಹೋಗಿ 'ನೀ' ಬಂತು. ಶಿವಲಿಂಗಮ್ಮನಿಗೆ ಹೆಣ್ಣುಮಕ್ಕಳಿರಲಿಲ್ಲ. ಆ 'ನೀ' ಕೇಳಿದಾಗಲೆಲ್ಲ ಅವಳಿಗೆ ಹೊಟ್ಟೆ ತುಂಬಿದ ಹಾಗಾಗುತ್ತಿತ್ತು.

ಕೂಸಿಗೆ ರೇಣುಕಾ ಎಂದು ಹೆಸರಿಟ್ಟರು. ತೊಟ್ಟಿಲಿಗೆ ಹಾಕುವ ಹೊತ್ತಿಗೂ ಬಲಗೈ ಆಡಲಿಲ್ಲ. ಕೊಪ್ಪಳಕ್ಕೆ ಮತ್ತೆ ಹೋದಾಗ ಡಾಕ್ಟರು ಫಿಸಿಯೋಥೆರಪಿ ಕೋಣೆಗೆ ಕಳಿಸಿದರು. ಅಲ್ಲಿದ್ದವಳು ಮುಬಾಶಿರಾ ಎಂಬ ಹುಡುಗಿ. ಕೂಸಿನ ಭುಜ, ಮೊಣಕೈ, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟಳು. ಅದರಿಂದ ಎರಡು ವೈರು ಹೊರಟಿದ್ದವು.

"ಇದೇನ್ರಿ?" ಶಿವಲಿಂಗಮ್ಮ ಕೇಳಿದಳು.

"ಕರೆಂಟ್ ಕೊಡೋ ಮಷಿನ್ ರಿ."

"ಎಳೀ ಕೂಸಿಗೆ ಕರೆಂಟ್?"

"ನಿಮ್ಮ ಕೈ ಕೊಡ್ರಿ ಮೊದಲ."

ಒದ್ದೆ ಅರಳೆ ಸುತ್ತಿದ ತುದಿಯನ್ನು ಮುಬಾಶಿರಾ ಅವಳ ಮುಂಗೈ ಮೇಲಿಟ್ಟಳು. ಇರುವೆ ಹರಿದ ಹಾಗಾಯಿತು. ಆಮೇಲೆ ಶಿವಲಿಂಗಮ್ಮನ ನಡುಬೆರಳು ತಾನಾಗಿ ಮೇಲೆದ್ದಿತು. ಅವಳು ಎತ್ತಿರಲಿಲ್ಲ. ಅದೇ ಎದ್ದಿತು, ಬಿತ್ತು, ಮತ್ತೆ ಎದ್ದಿತು.

ನಂತರ ಕೂಸಿನ ತೋಳಿಗೆ ಇಟ್ಟಳು. ಹುಟ್ಟಿದಂದಿನಿಂದ ಒಮ್ಮೆಯೂ ಮಡಚದ ಆ ಮೊಣಕೈ ಟಕ್ಕನೆ ಮಡಚಿಕೊಂಡಿತು. ದ್ರಾಕ್ಷಾಯಿಣಿ ಬಾಯಿಗೆ ಕೈ ಹಚ್ಚಿಕೊಂಡಳು. ಮರುಗಳಿಗೆಯೇ ಕೂಸು ಉಸಿರುಗಟ್ಟಿ ಅಳತೊಡಗಿತು.

"ಅಳ್ತಾವ್ರಿ ಎಲ್ಲಾ ಕೂಸುಗಳು," ಎಂದಳು ಮುಬಾಶಿರಾ ಕೈ ನಿಲ್ಲಿಸದೆ. "ಕುತ್ತಿಗಿಯಿಂದ ಕೈತನ ನರ ಹೊಸದಾಗಿ ಬೆಳಕೊಂಡ ಬರಬೇಕು. ಭಾಳ ಸಾವಕಾಶ ಬರತೈತಿ. ಅದು ಬಂದು ಮುಟ್ಟೋತನಕ ಕೈಯಾಗಿನ ಮಾಂಸ ಒಣಗಬಾರದು. ಒಣಗಿತಂದ್ರ ನರ ಬಂದ್ರೂ ಕೈ ಏಳಂಗಿಲ್ಲ. ಈ ಕರೆಂಟ್ ಅದನ್ನ ಎಚ್ಚರ ಇಡತೈತಿ. ನರಕ್ಕೂ ಬೆಳಿಯಾಕ ಒಂದೀಟು ಒತ್ತಾಸಿ."

"ಖರೇನ ಬರತೈತೇನ್ರಿ ಕೈ?" ದ್ರಾಕ್ಷಾಯಿಣಿ ಕೇಳಿದಳು.

"ಬಂದೇ ಬರತೈತಿ ಅಂತ ನಾ ಮಾತು ಕೊಡಂಗಿಲ್ಲಕ್ಕ. ಭಾಳ ಮಂದಿಗೆ ಬಂದೈತಿ. ಬಿಡಬ್ಯಾಡ್ರಿ, ಅಷ್ಟ. ಆರು ತಿಂಗಳಾದ್ರೂ ಮೊಣಕೈ ತಾನ ಮಡಚಲಿಲ್ಲಂದ್ರ ಹುಬ್ಬಳ್ಳಿಗೆ ಆಪರೇಷನ್ ಡಾಕ್ಟರ್ ಕಡೆ ಕಳಸ್ತೀನಿ. ಅದಕ್ಕೂ ಒಂದು ವ್ಯಾಳೇ ಅಂತ ಐತಿ. ದಾಟಿದ್ರ ಅವರೂ ಏನು ಮಾಡಾಕ ಬರಂಗಿಲ್ಲ."

ರಜೆ ಇರುವಷ್ಟು ದಿನ ದ್ರಾಕ್ಷಾಯಿಣಿ ಅತ್ತೆಯನ್ನು ಕರೆದುಕೊಂಡು ಬಸ್ಸಿನಲ್ಲಿ ಕೊಪ್ಪಳಕ್ಕೆ ಓಡಾಡಿದಳು. ರಜೆ ಮುಗಿಯಿತು. ಗುತ್ತಿಗೆಯ ನೌಕರಿ, ಇನ್ನೊಂದು ವಾರ ಎಂದರೆ ಬೇರೆಯವರು ಆ ಕುರ್ಚಿಯಲ್ಲಿ ಕೂತಿರುತ್ತಾರೆ. ಮಾಂತೇಶ ಹುಬ್ಬಳ್ಳಿಯಿಂದ ಅಂಥದೇ ಒಂದು ಮಷಿನ್ ಕೊಂಡು ತಂದ. ಎಲ್ಲಿ ಇಡಬೇಕು, ಎಷ್ಟು ತಿರುವಬೇಕು, ಆಮೇಲೆ ಕೈಯನ್ನು ಹೇಗೆ ನೀವಿ ಚಾಚಬೇಕು ಎಂಬುದನ್ನೆಲ್ಲ ಮುಬಾಶಿರಾ ಶಿವಲಿಂಗಮ್ಮನಿಂದಲೇ ಮಾಡಿಸಿ ಕಲಿಸಿದಳು. ವಾರಕ್ಕೊಂದು ದಿನ ಬಿಡಬಹುದು ಎಂದಳು. ಆ ದಿನ ದ್ರಾಕ್ಷಾಯಿಣಿಗೆ ರಜೆಯಿರುವ ಐತವಾರ ಎಂದು ಮನೆಯಲ್ಲಿ ನಿಗದಿಯಾಯಿತು.

"ನಿನ್ನ ಕೈಯಾಗ ಬಿಟ್ಟು ಹೊಂಟೀನಿ, ಯವ್ವಾ," ಎಂದಳು ದ್ರಾಕ್ಷಾಯಿಣಿ ಮೊದಲ ದಿನ ಹೊಸಿಲು ದಾಟುವಾಗ.

"ನೀ ನಡಿ. ನಾ ಏನು ಬ್ಯಾರೇದಾಕಿ ಅಲ್ಲ."

ಮೊದಮೊದಲು ಶಿವಲಿಂಗಮ್ಮ ತಪ್ಪದೆ ಮಾಡಿದಳು. ಕಸ, ಮುಸುರೆ ಮುಗಿಸಿ, ಗಂಡನಿಗೆ ಬುತ್ತಿ ಕಟ್ಟಿ ಕಳಿಸಿ, ಕೂಸಿಗೆ ಎರೆದು, ಬಾಗಿಲು ಮುಂದೆ ಮಾಡಿ ಕೂರುವಳು. ಅರಳೆ ತೋಯಿಸಿ ಗುಂಡಿ ತಿರುವುವಳು. ಕೂಸು ಚೀರುವುದು. ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು ಕೇಳಿಸಿಕೊಳ್ಳುವರು. ಮುದಕಮ್ಮ ಎಂಬವಳು ಕಿಟಕಿಯಿಂದ, "ಏನ್ ಮಾಡಾಕತ್ತೀ ಬೇ ಕೂಸಿಗೆ? ಎದಿ ಒಡೀತೈತಿ ಅದರದು," ಎನ್ನುವಳು. ಅದಕ್ಕೆಲ್ಲ ಶಿವಲಿಂಗಮ್ಮ ಬಗ್ಗಲಿಲ್ಲ.

ಅವಳು ಬಗ್ಗಿದ್ದು ಬೇರೊಂದಕ್ಕೆ. ಕೂಸು ಮೊದಲು ವೈರು ಚರ್ಮಕ್ಕೆ ತಾಗಿದಾಗ ಅಳುತ್ತಿತ್ತು. ಬರಬರುತ್ತ ಪೆಟ್ಟಿಗೆ ಕಂಡರೆ ಅಳತೊಡಗಿತು. ಆಮೇಲೆ ಆಯಿಯನ್ನು, ತನ್ನ ಅಜ್ಜಿಯನ್ನು, ಕಂಡರೇ ಅಳತೊಡಗಿತು. ಅಜ್ಜ ಎತ್ತಿಕೊಂಡರೆ ಮೀಸೆ ಜಗ್ಗಿ ನಗುವ ಕೂಸು, ಅಪರೂಪಕ್ಕೆ ಬರುವ ಅಪ್ಪನಿಗೂ ಬಾಯಿ ತೆರೆದು ನಗುವ ಕೂಸು, ಶಿವಲಿಂಗಮ್ಮ ಕೈ ಚಾಚಿದರೆ ಮುಖ ಕಿವುಚಿ ತಾಯಿಯ ಕುತ್ತಿಗೆಯಲ್ಲಿ ಅಡಗುತ್ತಿತ್ತು. ಸಂಜೆ ದ್ರಾಕ್ಷಾಯಿಣಿ ಬಂದದ್ದೇ ತಡ, ಎಡಗೈ ಒಂದನ್ನೇ ಮುಂದೆ ಮಾಡಿ ಆಯಿಯ ತೊಡೆಯಿಂದ ಜಿಗಿಯುತ್ತಿತ್ತು.

"ನಿನ್ನ ಅಂಜತೈತಿ ನೋಡು," ಎಂದು ಬಾಲಪ್ಪ ಒಂದು ದಿನ ಸಹಜವಾಗಿ ಅಂದ. ರೊಟ್ಟಿ ಮುರಿಯುತ್ತ ಅಂದ ಮಾತು. ಶಿವಲಿಂಗಮ್ಮ ಆ ಹೊತ್ತು ಉಣ್ಣಲಿಲ್ಲ.

ಒಂದು ಬೆಳಿಗ್ಗೆ ಕೂಸಿಗೆ ಸ್ವಲ್ಪ ನೆಗಡಿಯಾಗಿತ್ತು. ಇವತ್ತೊಂದಿನ ಬಿಡೋಣ ಎಂದುಕೊಂಡಳು. ಎಣ್ಣೆ ಬೆಚ್ಚಗೆ ಮಾಡಿ ಬಲಗೈಯನ್ನು ಮೆಲ್ಲಗೆ ನೀವಿದಳು. ಕೂಸು ಅಳಲಿಲ್ಲ. ಮಾರನೆಯ ದಿನವೂ ನೆಗಡಿ ಪೂರ್ತಿ ಹೋಗಿರಲಿಲ್ಲ. ಅದರ ಮಾರನೆಯ ದಿನ ನೆಗಡಿ ಇರಲಿಲ್ಲ, ಆದರೆ ಅವಳು ಪೆಟ್ಟಿಗೆ ಇಳಿಸಲಿಲ್ಲ. ಕೈಯನ್ನು ಎಳೆದು ಚಾಚುವುದನ್ನೂ ಬಿಟ್ಟಳು, ಅದಕ್ಕೂ ಕೂಸು ಮುಖ ಕಿವುಚುತ್ತಿತ್ತು. ಎಣ್ಣೆಯೇ ಸಾಕು, ನಮ್ಮ ಕಾಲದಲ್ಲಿ ಏನಿತ್ತು ಎಂದು ತನಗೆ ತಾನೇ ಹೇಳಿಕೊಂಡಳು. ಕೆಲವೇ ದಿನಗಳಲ್ಲಿ ಕೂಸು ಅವಳ ತೊಡೆಯ ಮೇಲೆ ನಿದ್ದೆ ಹೋಗತೊಡಗಿತು. ಅವಳ ಬಳೆ ಹಿಡಿದು ಆಡತೊಡಗಿತು. ಒಂದು ಮಧ್ಯಾಹ್ನ ಅವಳು ಶೇಂಗಾ ಸುಲಿಯುತ್ತ ಕೂತಿದ್ದಾಗ ಹಿಂದಿನಿಂದ ತೆವಳಿ ಬಂದು ಅವಳ ಬೆನ್ನಿಗೆ ಮುಖ ಒತ್ತಿತು. ಶಿವಲಿಂಗಮ್ಮ ಅಲುಗಾಡದೆ ಕೂತಳು.

ಸಂಜೆ ದ್ರಾಕ್ಷಾಯಿಣಿ ಚಪ್ಪಲಿ ಬಿಡುತ್ತಲೇ ಕೇಳುತ್ತಿದ್ದಳು.

"ಕರೆಂಟ್ ಕೊಟ್ಟೇನು, ಯವ್ವಾ?"

"ಕೊಟ್ಟೀನಿ."

"ಭಾಳ ಅತ್ತಳೇನು?"

"ಈಗ ಅಷ್ಟು ಅಳಂಗಿಲ್ಲ. ರೂಢಿ ಆಗೈತಿ."

ಮೊದಲ ದಿನ ಹೀಗೆ ಹೇಳುವಾಗ ಶಿವಲಿಂಗಮ್ಮ ಒಲೆಯ ಕಡೆ ತಿರುಗಿಕೊಂಡಿದ್ದಳು. ಆಮೇಲಾಮೇಲೆ ಸೊಸೆಯ ಮುಖ ನೋಡಿಯೇ ಹೇಳಲು ಬಂತು. ದಿನವಿಡೀ ಜನರ ಸರದಿ ಮುಗಿಸಿ ಬರುತ್ತಿದ್ದ ದ್ರಾಕ್ಷಾಯಿಣಿ ಆ ಮಾತು ಕೇಳಿ ಉಸಿರು ಬಿಟ್ಟು, ಕೂಸನ್ನು ಮಡಿಲಿಗೆ ಹಾಕಿಕೊಂಡು ಗೋಡೆಗೆ ಒರಗುತ್ತಿದ್ದಳು. "ನೀ ಇಲ್ಲಂದ್ರ ನಾ ಏನ್ ಮಾಡ್ತಿದ್ನೆವ್ವಾ," ಎನ್ನುತ್ತಿದ್ದಳು. ಶಿವಲಿಂಗಮ್ಮ ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಎಣ್ಣೆ ಹಚ್ಚುವಾಗ ಭುಜದ ಹತ್ತಿರ ಏನೋ ಅದುರಿದಂತೆ ಒಮ್ಮೆ ಕಂಡಿತ್ತು. ಅದನ್ನು ಅವಳು ಸಂಭ್ರಮದಿಂದ ಹೇಳಿದಳು.

"ಇವತ್ತ ಕೈ ಎತ್ತಿದ್ಲು ನೋಡು. ನಾ ಕಣ್ಣಾರೆ ಕಂಡೆ."

ಅದು ಸುಳ್ಳಲ್ಲ ಎಂದೇ ಅವಳು ನಂಬಿದ್ದಳು. ಕೈ ಬರುತ್ತಿದೆ ಎಂದಾಯಿತು. ತಿಂಗಳಿಗೊಮ್ಮೆ ಕೊಪ್ಪಳಕ್ಕೆ ತೋರಿಸಲು ಹೋಗಬೇಕಿತ್ತು. ನಾಡಕಚೇರಿಯಲ್ಲಿ ಪ್ರಮಾಣಪತ್ರಕ್ಕೆ ಜನ ಮುಗಿಬೀಳುತ್ತಾರೆ, ರಜೆ ಇಲ್ಲ. ಮಾಂತೇಶನಿಗೆ ದಾಳಿಂಬೆಯ ಹಂಗಾಮು. ಹೆಂಗೂ ಕೈ ಎತ್ತುತ್ತಿದ್ದಾಳಲ್ಲ, ಬರುವ ತಿಂಗಳು ಹೋದರಾಯಿತು ಎಂದರು. ತಿಂಗಳು ತಿಂಗಳೂ ಅದೇ ಮಾತಾಗಿ, ಮುಬಾಶಿರಾ ಹೇಳಿದ್ದ ಆರು ತಿಂಗಳೂ ದಾಟಿತು.

ಕೊನೆಗೆ ಹೋದಾಗ ರೇಣುಕಾ ಗೋಡೆ ಹಿಡಿದು ನಿಲ್ಲುವಷ್ಟಾಗಿದ್ದಳು. ಎಡಗೈಯಿಂದಲೇ ಹಿಡಿದು ನಿಲ್ಲುತ್ತಿದ್ದಳು. ಮುಬಾಶಿರಾ ಬಲಗೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ತೋಳು ಸೊರಗಿತ್ತು. ಮಣಿಕಟ್ಟು ಒಳಕ್ಕೆ ತಿರುಗಿ ಬಿಗಿದುಕೊಂಡಿತ್ತು.

"ದಿನಾ ಕೊಟ್ಟೀರಿ?"

"ಕೊಟ್ಟಾಳ್ರಿ ನಮ್ಮವ್ವ," ದ್ರಾಕ್ಷಾಯಿಣಿ ಹೇಳಿದಳು. "ಐತವಾರ ಒಂದು ಬಿಟ್ಟು."

ಮುಬಾಶಿರಾ ಎದ್ದು ಹೋಗಿ ಪೆಟ್ಟಿಗೆ ತಂದು ಕೂಸಿನ ಮುಂದಿಟ್ಟಳು. ಅಂಥದೇ ಪೆಟ್ಟಿಗೆ, ಅವೇ ಎರಡು ವೈರು. ರೇಣುಕಾ ಅದನ್ನು ನೋಡಿದಳು. ಹೊಸ ಆಟಿಗೆ ಕಂಡವಳಂತೆ ಕಣ್ಣರಳಿಸಿ ನಕ್ಕಳು. ಎಡಗೈ ಚಾಚಿ ವೈರು ಹಿಡಿದು ಜಗ್ಗಿ, ತುದಿಯನ್ನು ಬಾಯಿಗೆ ಇಟ್ಟುಕೊಂಡಳು.

ಮುಬಾಶಿರಾ ವೈರನ್ನು ಮೆಲ್ಲಗೆ ಬಿಡಿಸಿದಳು. "ದಿನಾ ಕೊಟ್ಟ ಕೂಸು ಇದನ್ನ ಕಂಡ್ರ ಅಳತೈತ್ರಿ," ಎಂದಳು ತಗ್ಗಿದ ದನಿಯಲ್ಲಿ.

ದ್ರಾಕ್ಷಾಯಿಣಿಗೆ ತಕ್ಷಣ ತಿಳಿಯಲಿಲ್ಲ. ಮಗಳ ನಗುವಿಗೆ ತಾನೂ ಅರ್ಧ ನಕ್ಕಿದ್ದಳು. ಆ ಅರ್ಧ ನಗು ಮುಖದ ಮೇಲಿರುವಾಗಲೇ ಅತ್ತೆಯ ಕಡೆ ತಿರುಗಿದಳು. ಶಿವಲಿಂಗಮ್ಮ ನೆಲ ನೋಡುತ್ತಿದ್ದಳು.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಬಂದರು. ರೇಣುಕಾ ಆಯಿಯ ಮಡಿಲಿಗೆ ಹೋಗಬೇಕೆಂದು ಹಟ ಮಾಡಿದಳು. ದ್ರಾಕ್ಷಾಯಿಣಿ ಕೊಡಲಿಲ್ಲ.

ಆ ಸಂಜೆ ಮಾಂತೇಶ ಮನೆಯಲ್ಲಿದ್ದ. ಪುಂಡಿಪಲ್ಯ, ರೊಟ್ಟಿ ಮಾಡಿದ್ದರು. ಗಂಡಸರಿಗೆ ನೀಡಿದ ಮೇಲೆ ದ್ರಾಕ್ಷಾಯಿಣಿ ಗೋಡೆಗೆ ನಿಂತು ಕೇಳಿದಳು.

"ಯಾವತ್ತಿನಿಂದ ಬಿಟ್ಟೀರಿ?"

ಆ 'ರಿ' ಕೇಳಿ ಬಾಲಪ್ಪನೂ ತಲೆ ಎತ್ತಿದ.

ಶಿವಲಿಂಗಮ್ಮ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ನೆಗಡಿ ಆಗಿತ್ತಲ್ಲ, ಆವಾಗಿಂದ."

"ಅದು ಚಳಿಗಾಲದಾಗ."

"ಹೂಂ."

"ನಾ ದಿನಾ ಕೇಳ್ತಿದ್ನಿ."

"ಭಾಳ ಅಳತಿತ್ತು ಬೇ. ನನ್ನ ಕಂಡ್ರ ಅಂಜಿ ಸಾಯ್ತಿತ್ತು. ನನ್ನ ಕೈಲಿ ಆಗಲಿಲ್ಲ."

"ಆಗಲಿಲ್ಲಂದ್ರ ಆಗವಲ್ದು ಅನ್ನಬೇಕಿತ್ತು. ನೌಕರಿ ಬಿಟ್ಟು ಕುಂದರತಿದ್ನಿ. ಕೊಪ್ಪಳದಾಗ ಬಾಡಗಿ ಹಿಡದು ಇರತಿದ್ನಿ."

ಮಾಂತೇಶ ನಡುವೆ ಬಂದ. "ಬಿಡು ಈಗ. ಅವ್ವ ಬೇಕಂತ ಮಾಡಿಲ್ಲ. ಐತವಾರ ನೀ ಮನ್ಯಾಗ ಇರತಿದ್ದೆಲ್ಲ, ಒಂದಿನರ ಆ ಮಷಿನ್ ತಗದು ನೋಡೀಯೇನು?"

ಐತವಾರ ಪೆಟ್ಟಿಗೆಯ ಮಾತು ಬಾರದಿರಲಿ ಎಂದು ದ್ರಾಕ್ಷಾಯಿಣಿಯೂ ಬಯಸಿದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. "ನಾ ಕೈ ಮಾತು ಆಡಾಕತ್ತಿಲ್ಲ," ಎಂದಳು. "ದಿನಾ ಸಂಜೀಕ ನನ್ನ ಮಾರಿ ನೋಡಿ ಕೊಟ್ಟೀನಿ ಅಂದ್ರಲ್ಲ, ಅದನ್ನ ಕೇಳಾಕತ್ತೀನಿ. ನಮ್ಮವ್ವ ಅಂತ ನಾ ಅಲ್ಲಿ ಆ ಹುಡುಗಿ ಮುಂದ ಹೇಳಿದೆ."

ಬಾಲಪ್ಪ ತಾಟಿನಲ್ಲೇ ಕೈ ತೊಳೆದ. ಮಾತಿನ ಮನುಷ್ಯನಲ್ಲ ಅವನು. ಎದ್ದು ಹೋಗುವಾಗ ಹೆಂಡತಿಗೆ ಅಂದ: "ಕುರಿಮರಿ ಕಾಲು ಮುರದ್ರ ಬಿದಿರಿನ ದಬ್ಬಿ ಕಟ್ಟಿ ಬಿಗೀತೀನಿ. ಒದರತೈತಿ. ಒದರತೈತಂತ ಬಿಚ್ಚತೀನೇನು?"

ಮಗ ಬೈದಿದ್ದರೆ, ಸೊಸೆ ಇನ್ನೂ ನಾಲ್ಕು ಮಾತು ಆಡಿದ್ದರೆ ಶಿವಲಿಂಗಮ್ಮ ತಡಕೊಳ್ಳುತ್ತಿದ್ದಳೋ ಏನೋ. ಗಂಡನ ಆ ಒಂದು ಮಾತಿಗೆ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು.

ಹುಬ್ಬಳ್ಳಿಗೆ ಎಲ್ಲರೂ ಹೋದರು. ಅಲ್ಲಿಯ ಡಾಕ್ಟರು ಸೂಜಿ ಚುಚ್ಚಿ ನರದ ಪರೀಕ್ಷೆ ಮಾಡಿಸಿದರು. ಇಷ್ಟು ತಡವಾದ ಮೇಲೆ ಆಪರೇಷನ್ ಮಾಡಿದರೆ ಮೊಣಕೈ ಒಂದಿಷ್ಟು ಮಡಚಬಹುದು, ಅದೂ ಖಾತ್ರಿಯಿಲ್ಲ, ಬೆರಳು ಬರುವುದಿಲ್ಲ ಎಂದರು. ಮಾಂತೇಶ ಕೇಳಿದ.

"ದಿನಾ ಕರೆಂಟ್ ಕೊಟ್ಟಿದ್ರ ಆರಾಮ ಆಕ್ಕಿತ್ತೇನ್ರಿ ಸರ?"

"ಹಾಗೆ ಹೇಳೋಕೆ ಬರೋದಿಲ್ಲ," ಎಂದರು ಡಾಕ್ಟರು. "ಕೊಟ್ಟವರಿಗೂ ಕೆಲವರಿಗೆ ಬಂದಿಲ್ಲ. ಕೊಡದೆ ಬಂದಿದ್ದೂ ನೋಡಿದ್ದೀನಿ. ಕೊಟ್ಟಿದ್ರೆ, ಕೈ ಬಿಗಿಯದ ಹಾಗೆ ನೋಡಿಕೊಂಡಿದ್ರೆ, ನಾಲ್ಕೈದು ತಿಂಗಳ ಹಿಂದೆ ನನ್ನ ಹತ್ರ ಬಂದಿದ್ರೆ ಅವಕಾಶ ಹೆಚ್ಚಿರ್ತಿತ್ತು. ಅಷ್ಟೇ."

ಹೊರಗೆ ಬಂದ ಮೇಲೆ ಮಾಂತೇಶ, "ಕೇಳಿದೆಲ್ಲ, ಹೇಳಾಕ ಬರಂಗಿಲ್ಲ ಅಂದ್ರು," ಎಂದ ಹೆಂಡತಿಗೆ. ದ್ರಾಕ್ಷಾಯಿಣಿ ಕೂಸಿನ ಟೊಪ್ಪಿಗೆ ಸರಿ ಮಾಡಿದಳು. ಹೇಳಲು ಬರುವುದಿಲ್ಲ ಎಂಬ ಆ ಮಾತು ಶಿವಲಿಂಗಮ್ಮನನ್ನು ಬದುಕಿಸಲೂ ಇಲ್ಲ, ಸಾಯಿಸಲೂ ಇಲ್ಲ. ನಿನ್ನಿಂದಲೇ ಹೋಯಿತು ಎಂದಿದ್ದರೆ ಕಾಲು ಹಿಡಿದು ಅತ್ತುಬಿಡಬಹುದಿತ್ತು. ನಿನ್ನಿಂದಲ್ಲ ಎಂದಿದ್ದರೆ ತಲೆ ಎತ್ತಬಹುದಿತ್ತು. ಈಗ ರೊಟ್ಟಿ ಬಡಿಯುವಾಗ, ನೀರು ಹಿಡಿಯುವಾಗ, ಮಲಗಿ ಮಗ್ಗಲು ಬದಲಿಸುವಾಗ ಅವಳು ಅದನ್ನೇ ಇತ್ತಿಂದತ್ತ ಅತ್ತಿಂದಿತ್ತ ಹೊರಳಿಸಿದಳು.

ಮನೆ ಒಡೆಯಲಿಲ್ಲ. ಒಂದೇ ಒಲೆ, ಒಂದೇ ಅಡುಗೆ. ಆದರೆ ದ್ರಾಕ್ಷಾಯಿಣಿ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಕೂಸನ್ನೂ ಕಂಕುಳಲ್ಲಿ ಎತ್ತಿಕೊಂಡು ಹೋಗತೊಡಗಿದಳು. ಕಚೇರಿಯ ಹಿಂದಿನ ಓಣಿಯಲ್ಲಿ ಅಬೇದಾಬಿ ಎಂಬ ವಿಧವೆ ಇದ್ದಳು. ಸಂಜೆಯ ತನಕ ಅವಳ ಮನೆಯಲ್ಲಿ ಬಿಡುತ್ತಿದ್ದಳು. ಮೊದಲ ದಿನ ಶಿವಲಿಂಗಮ್ಮ ಬಾಗಿಲಲ್ಲಿ ನಿಂತು, "ನಾ ಇರತೀನಲ್ಲ ಮನ್ಯಾಗ," ಎಂದಿದ್ದಳು.

"ನಿಮಗ ಯಾಕ ತ್ರಾಸು, ಅತ್ತಿ," ಎಂದಿದ್ದಳು ದ್ರಾಕ್ಷಾಯಿಣಿ. ಸಿಟ್ಟಿಲ್ಲದ ದನಿ.

ಆಪರೇಷನ್ ಆಯಿತು. ಹೊಲಿಗೆ ಮಾಗಿದ ಮೇಲೆ ಮತ್ತೆ ಕರೆಂಟ್ ಕೊಡಬೇಕೆಂದರು. ಈ ಸಲ ದ್ರಾಕ್ಷಾಯಿಣಿ ತಾನೇ ಕೊಡುತ್ತೇನೆ ಎಂದಳು. ಸಂಜೆ ಬಂದು ಮುಖ ತೊಳೆದು ಪೆಟ್ಟಿಗೆ ಇಳಿಸುವಳು. ಆದರೆ ರೇಣುಕಾ ಈಗ ಎಳೆ ಕೂಸಲ್ಲ. ಒದೆಯುತ್ತಾಳೆ, ಕಚ್ಚುತ್ತಾಳೆ, ಹೊರಳಿ ಬಿಡಿಸಿಕೊಳ್ಳುತ್ತಾಳೆ. ಒಬ್ಬರು ಅಮುಕಿ ಹಿಡಿಯದೆ ಇನ್ನೊಬ್ಬರು ಕೊಡಲು ಸಾಧ್ಯವಿರಲಿಲ್ಲ. ಮಾಂತೇಶ ದಾರಿಯ ಮೇಲೆ, ಬಾಲಪ್ಪ ಕುರಿಯ ಹಿಂದೆ. ಒಂದೆರಡು ದಿನ ಒಬ್ಬಳೇ ಹೆಣಗಿದ ದ್ರಾಕ್ಷಾಯಿಣಿ ಮೂರನೆಯ ದಿನ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕಡೆ ನೋಡದೆ ಕರೆದಳು.

"ಹಿಡೀತೀರೇನು?"

ಶಿವಲಿಂಗಮ್ಮ ಒಳಗೆ ಬಂದು ಚಕ್ಕಳಮಕ್ಕಳ ಹಾಕಿ ಕೂತಳು. ಮೊಮ್ಮಗಳನ್ನು ತೊಡೆಯ ಮೇಲೆ ಅಡ್ಡ ಹಾಕಿಕೊಂಡು ಎರಡೂ ಕೈಯಿಂದ ಬಿಗಿ ಹಿಡಿದಳು. ಕೂಸು ಚೀರಿತು. ಕತ್ತು ಎತ್ತಿ ಆಯಿಯ ಮುಖವನ್ನು ನೋಡುತ್ತ ಚೀರಿತು. ಅವಳು ಕಣ್ಣು ಮುಚ್ಚಲಿಲ್ಲ, ಕೈ ಸಡಿಲಿಸಲಿಲ್ಲ. ಸೊಸೆ ಗುಂಡಿಯನ್ನು ಹಿಂದಕ್ಕೆ ತಿರುವಹೋದಳು. "ಇನ್ನೊಂದೀಟು ಕೊಡು," ಎಂದಳು ಶಿವಲಿಂಗಮ್ಮ. "ನಾ ಹಿಡದೀನಿ."

ಆ ವರ್ಷವೆಲ್ಲ ಹೀಗೇ ನಡೆಯಿತು. ರೇಣುಕಾಳಿಗೆ ಮಾತು ಬಂತು. ಅವ್ವ ಅಂದಳು, ಅಜ್ಜ ಅಂದಳು, ಮರಿ ಅಂದಳು. ಆಯಿ ಹತ್ತಿರ ಬಂದರೆ 'ಬ್ಯಾಡ' ಅಂದಳು. ಶಿವಲಿಂಗಮ್ಮ ಶೇಂಗಾ ಉಂಡಿ ಕೈಯಲ್ಲಿ ಹಿಡಿದು ಕರೆದರೂ ಬರುತ್ತಿರಲಿಲ್ಲ. ಅಜ್ಜನ ಕೈಯಲ್ಲಿ ಕೊಟ್ಟು ಕಳಿಸಿದರೆ ತಿನ್ನುತ್ತಿದ್ದಳು. ಮತ್ತೆ ಒಮ್ಮೆಯೂ ಶಿವಲಿಂಗಮ್ಮ ಒಂದು ದಿನ ಬಿಡೋಣ ಎನ್ನಲಿಲ್ಲ. ದ್ರಾಕ್ಷಾಯಿಣಿಗೆ ಜ್ವರ ಬಂದು ಮಲಗಿದ ದಿನ ಓಣಿಯ ಮುದಕಮ್ಮನನ್ನೇ ಕರೆದು ಕೂಸನ್ನು ಹಿಡಿಸಿ ತಾನೇ ಕರೆಂಟ್ ಕೊಟ್ಟಳು.

ಮೊಣಕೈ ಅಷ್ಟಿಷ್ಟು ಮಡಚಿತು. ಬೆರಳು ಬರಲಿಲ್ಲ. ಒಂದು ದಿನ ಮುಬಾಶಿರಾ ಕೈಯನ್ನು ಮುಟ್ಟಿ ನೋಡಿ, "ಇನ್ನ ಸಾಕ್ರಿ ಅಕ್ಕ. ಕೂಸಿಗೆ ಸುಮ್ನ ತ್ರಾಸು," ಎಂದಳು. ದ್ರಾಕ್ಷಾಯಿಣಿ ಆಯಿತೆಂದು ತಲೆ ಆಡಿಸಿದಳು. ಮನೆಯ ಮಷಿನ್ ಒಯ್ದು ಅಲ್ಲೇ ಬಿಟ್ಟು ಬಂದರು, ಯಾರಿಗಾದರೂ ಉಪಯೋಗವಾಗಲಿ ಎಂದು.

ಮುಂದಿನ ಬೇಸಿಗೆಯಲ್ಲಿ ಹನುಮಸಾಗರದಿಂದ ವಿರುಪಣ್ಣ ಬಂದ. ಮೊಮ್ಮಗಳಿಗೆ ಫ್ರಾಕು, ಒಂದು ಚೀಲ ಮಾವಿನಹಣ್ಣು ತಂದಿದ್ದ. ರೇಣುಕಾ ಅಂಗನವಾಡಿಗೆ ಹೋಗತೊಡಗಿದ್ದಳು. ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು. ದ್ರಾಕ್ಷಾಯಿಣಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು.

"ಸಾಲ್ಯಾಗ ಏನ್ ಕಲಿಸ್ಯಾರವ್ವ? ನನಗ, ನಿನ್ನ ಮುತ್ಯಾಗ ಕೈ ಮುಗಿ ನೋಡೋಣು," ಎಂದ ವಿರುಪಣ್ಣ. ಅಂದ ಮೇಲೆ ತಾನು ಆಡಿದ್ದೇನೆಂದು ಹೊಳೆದು ಬಾಲಪ್ಪನ ಮುಖ ನೋಡಿದ.

ರೇಣುಕಾ ಹಿಂದೆಮುಂದೆ ನೋಡಲಿಲ್ಲ. ಎಡಗೈಯಿಂದ ತನ್ನ ಬಲಗೈಯ ಮಣಿಕಟ್ಟು ಹಿಡಿದಳು. ಎದೆಯ ತನಕ ಎತ್ತಿದಳು. ಬಲಗೈಯ ಬೆರಳುಗಳನ್ನು ಗದ್ದದಿಂದ ಒತ್ತಿ ನೆಟ್ಟಗೆ ಮಾಡಿ, ಅದು ಬೀಳುವುದರೊಳಗೆ ಎಡಗೈಯನ್ನು ಅದಕ್ಕೆ ಜೋಡಿಸಿ ತಲೆ ಬಾಗಿಸಿದಳು. ಬಹಳ ಸಲ ಮಾಡಿ ರೂಢಿಯಾದ ಹಾಗಿತ್ತು. ಯಾರು ಕಲಿಸಿದ್ದರೋ, ಅಥವಾ ಬೇರೆ ಮಕ್ಕಳನ್ನು ನೋಡಿ ತಾನೇ ಹಾಗೆ ಮಾಡಿಕೊಂಡಿದ್ದಳೋ.

"ಶ್ಯಾಣ್ಯಾಕಿ ನನ್ನವ್ವ," ಎಂದ ವಿರುಪಣ್ಣ. "ಅಜ್ಜಗ ಮುಗಿ."

ಅಜ್ಜನಿಗೂ ಹಾಗೆಯೇ ಮುಗಿದಳು.

"ಆಯಿಗೆ?"

ರೇಣುಕಾ ಕಂಬದ ಹತ್ತಿರ ಕೂತಿದ್ದ ಶಿವಲಿಂಗಮ್ಮನನ್ನು ನೋಡಿದಳು. ಎಲ್ಲರೂ ನೋಡುತ್ತಿದ್ದರು. ಆಮೇಲೆ ಇದ್ದ ಜಾಗದಿಂದಲೇ, ಹತ್ತಿರ ಬಾರದೆ, ಮಣಿಕಟ್ಟು ಹಿಡಿದು ಕೈ ಎತ್ತಿ, ಗದ್ದದಿಂದ ಬೆರಳು ಒತ್ತಿ, ಜೋಡಿಸಿ ತಲೆ ಬಾಗಿಸಿದಳು.

ಮಕ್ಕಳು ಕೈ ಮುಗಿದರೆ ಹಿರಿಯರು ಒಂದು ಒಳ್ಳೆಯ ಮಾತು ಆಡಬೇಕು. ದೊಡ್ಡಾಕಿ ಆಗವ್ವ, ಛಲೋ ಇರು ಎನ್ನಬೇಕು. ಶಿವಲಿಂಗಮ್ಮ ಕಂಬ ಹಿಡಿದು ಎದ್ದು ಅಡುಗೆಮನೆಗೆ ನಡೆದಳು.

ದ್ರಾಕ್ಷಾಯಿಣಿ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. ಅವಳ ಕೈಯೆಲ್ಲ ಜೋಳದ ಹಿಟ್ಟು. ಕಣ್ಣು ಒರೆಸಿಕೊಳ್ಳಲೂ ಆಗದೆ ನೀರು ಗದ್ದದ ತನಕ ಇಳಿದಿತ್ತು. ಶಿವಲಿಂಗಮ್ಮ ಅವಳೆದುರು ನಿಂತಳು. ಸೆರಗಿನ ತುದಿ ಎತ್ತಿ ಅವಳ ಮುಖದ ಹತ್ತಿರ ಒಯ್ದಳು. ದ್ರಾಕ್ಷಾಯಿಣಿ ಮುಖ ಹಿಂದಕ್ಕೆ ಸರಿಸಲಿಲ್ಲ, ಮುಂದಕ್ಕೂ ತರಲಿಲ್ಲ. ಶಿವಲಿಂಗಮ್ಮನ ಕೈ ಅರ್ಧಕ್ಕೆ ನಿಂತಿತು.

ಹಂಚಿನ ಮೇಲಿನ ರೊಟ್ಟಿ ಹೊತ್ತಿ ವಾಸನೆ ಬಂತು. ದ್ರಾಕ್ಷಾಯಿಣಿ ತಿರುಗಿ ಅದನ್ನು ತೆಗೆದು ಪಕ್ಕಕ್ಕೆ ಹಾಕಿ, ಹೊಸದೊಂದು ಬಡಿಯಲು ಕೂತಳು.

"ತಾಟು ಹಾಕ್ರಿ," ಎಂದಳು. "ಅಪ್ಪ ಊಟ ಮಾಡಿ ಬಸ್ಸಿಗೆ ಹೋಗಬೇಕು."

ಶಿವಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾಟು ಇಳಿಸಿದಳು.